ಪಡಿಯಚ್ಚಿನ ನೌಕೆಗೆ ಕೋಟಿ ಕೋಟಿ: ಕೊಳ್ಳುವುದು ಸುಲಭ, ಸಾಕುವುದು ಕಷ್ಟ

ಅಮೆರಿಕದ ಹ್ಯೂಸ್ಟನ್ ನಗರದ ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಬೃಹತ್ ಬೋಯಿಂಗ್ 747 ವಿಮಾನವೊಂದು ನಿಂತಿದೆ. ಅದರ ಬೆನ್ನ ಮೇಲೆ ಒಂದು ಶಟಲ್ ನೌಕೆ. ಕೆಳಗಿರುವ ವಿಮಾನ ಅಸಲಿ; ದಶಕಗಳ ಕಾಲ ನಾಸಾದ ಶಟಲ್‌ಗಳನ್ನು ಹೊತ್ತು ಹಾರಿದ್ದು. ಮೇಲಿರುವ ನೌಕೆ ನಕಲಿ. ಒಮ್ಮೆಯೂ ನೆಲ ಬಿಟ್ಟು ಮೇಲೇರದ್ದು. ಉಕ್ಕು ಮತ್ತು ಫೈಬರ್‌ಗ್ಲಾಸ್‌ನಲ್ಲಿ ಕಟ್ಟಿದ ಈ ಪ್ರತಿಕೃತಿಯಲ್ಲಿ ನಿಜವಾದವು ಎಂದು ಹೇಳಬಹುದಾದ ಕೆಲವೇ ಭಾಗಗಳಲ್ಲಿ ಅದರ ಚಕ್ರಗಳ ಟೈರುಗಳೂ ಸೇರಿವೆ.

ಈ ನಕಲಿ ನೌಕೆಯಿಂದ ಹ್ಯೂಸ್ಟನ್ನಿಗೆ ಸಮಾಧಾನವಾಗಿಲ್ಲ. ವರ್ಜೀನಿಯಾದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ವಶದಲ್ಲಿರುವ ಅಸಲಿ ಶಟಲ್ ‘ಡಿಸ್ಕವರಿ’ಯೇ ತನಗೆ ಬೇಕು ಎಂಬುದು ಟೆಕ್ಸಾಸ್ ರಾಜ್ಯದ ರಾಜಕಾರಣಿಗಳ ಪಟ್ಟು. ಸೆನೆಟರ್‌ಗಳಾದ ಜಾನ್ ಕಾರ್ನಿನ್ ಮತ್ತು ಟೆಡ್ ಕ್ರೂಜ್ ಇದಕ್ಕಾಗಿ 2025ರ ಏಪ್ರಿಲ್‌ನಲ್ಲಿ ಮಸೂದೆಯನ್ನೇ ಮಂಡಿಸಿದರು. ಅದೇ ವರ್ಷ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಬೃಹತ್ ತೆರಿಗೆ ಹಾಗೂ ವೆಚ್ಚ ಕಾಯ್ದೆಯ ಒಂದು ಮೂಲೆಯಲ್ಲಿ ಈ ಬೇಡಿಕೆಗೂ ಜಾಗ ದೊರೆಯಿತು. ಮೀಸಲಾದ ಹಣ 8.5 ಕೋಟಿ ಡಾಲರ್. ಆ ವರ್ಷದ ವಿನಿಮಯ ದರದಲ್ಲಿ ಇದು 700 ಕೋಟಿ ರೂಪಾಯಿಗೂ ಅಧಿಕ. ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಚಂದ್ರಯಾನ-3ನ್ನು ಇಳಿಸಲು ಭಾರತಕ್ಕೆ ತಗುಲಿದ ವೆಚ್ಚ ಸುಮಾರು 615 ಕೋಟಿ ರೂಪಾಯಿ ಎಂಬುದನ್ನು ನೆನೆದರೆ ಈ ಮೊತ್ತದ ತೂಕ ತಿಳಿದೀತು. ನಿವೃತ್ತ ನೌಕೆಯೊಂದನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸಿ, ಅದಕ್ಕೊಂದು ಸೂರು ಕಟ್ಟಲು ಇಷ್ಟು ಹಣ. ಅದೂ ಸಾಲದು ಎಂಬ ವಾದ ಬೇರೆ!

ನೌಕೆಗಳ ಪ್ರತಿಕೃತಿಗಳಿಗೆ ನಗರಗಳು, ಉದ್ಯಾನಗಳು, ಶ್ರೀಮಂತ ಸಂಗ್ರಾಹಕರು ಹಣ ಸುರಿಯುವುದು ಹೊಸ ಸಂಗತಿಯೇನಲ್ಲ. ಆದರೆ ಹ್ಯೂಸ್ಟನ್ ಪ್ರಕರಣದಲ್ಲಿ ಪ್ರಶ್ನೆ ತಲೆಕೆಳಗಾಗಿದೆ. ನಕಲಿಗೆ ಇಷ್ಟು ಖರ್ಚು ಏಕೆ ಎಂದು ಕೇಳುತ್ತಿದ್ದ ಜನ ಈಗ, ಅಸಲಿಯನ್ನು ಕಳಚಿ ಸಾಗಿಸಿದ ಮೇಲೆ ಅದು ಎಷ್ಟರ ಮಟ್ಟಿಗೆ ಅಸಲಿಯಾಗಿ ಉಳಿದೀತು ಎಂದು ಕೇಳಬೇಕಾಗಿ ಬಂದಿದೆ.

ಹಂಚಿಕೆಯ ಹಳೆಯ ಮುನಿಸು

ಈ ಮುನಿಸಿಗೆ ಒಂದು ಚರಿತ್ರೆ ಇದೆ. 2011ರ ಜುಲೈ 21ರಂದು ‘ಅಟ್ಲಾಂಟಿಸ್’ ನೆಲಕ್ಕಿಳಿಯುವುದರೊಂದಿಗೆ ಮೂರು ದಶಕಗಳ ಶಟಲ್ ಯುಗ ಮುಗಿಯಿತು. ಅದಕ್ಕೆ ಮೊದಲೇ, ಏಪ್ರಿಲ್ 12ರಂದು, ಉಳಿದ ನೌಕೆಗಳು ಯಾರ ಪಾಲಿಗೆ ಎಂಬುದನ್ನು ನಾಸಾ ಪ್ರಕಟಿಸಿತ್ತು. ಡಿಸ್ಕವರಿ ಸ್ಮಿತ್ಸೋನಿಯನ್‌ಗೆ, ಎಂಡೆವರ್ ಲಾಸ್ ಏಂಜಲೀಸ್‌ನ ವಿಜ್ಞಾನ ಕೇಂದ್ರಕ್ಕೆ, ಅಟ್ಲಾಂಟಿಸ್ ಫ್ಲಾರಿಡಾದ ಕೆನಡಿ ಕೇಂದ್ರದ ಪ್ರವಾಸಿ ಸಂಕೀರ್ಣಕ್ಕೆ. ಬಾಹ್ಯಾಕಾಶಕ್ಕೆ ಹೋಗದೆ 1977ರಲ್ಲಿ ವಾಯುಮಂಡಲದಲ್ಲಷ್ಟೇ ತೇಲಿ ಪರೀಕ್ಷೆಗೆ ಒಳಗಾಗಿದ್ದ ‘ಎಂಟರ್‌ಪ್ರೈಸ್’ ನ್ಯೂಯಾರ್ಕಿನ ಇಂಟ್ರೆಪಿಡ್ ವಸ್ತುಸಂಗ್ರಹಾಲಯಕ್ಕೆ.

ಹ್ಯೂಸ್ಟನ್ನಿನ ಹೆಸರು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಶಟಲ್‌ನ ಪ್ರತಿಯೊಂದು ಯಾನವನ್ನೂ ನೆಲದಿಂದ ನಿಯಂತ್ರಿಸಿದ ನಗರ ಅದು. ಗಗನಯಾತ್ರಿಗಳು ತರಬೇತಿ ಪಡೆದ, ಮನೆ ಮಾಡಿಕೊಂಡು ಮಕ್ಕಳನ್ನು ಶಾಲೆಗೆ ಕಳುಹಿಸಿದ ನಗರ. ಕಲ್ಪನಾ ಚಾವ್ಲಾ ಅವರೂ ಅಲ್ಲಿಯೇ ನೆಲೆಸಿದ್ದರು. ನಾಸಾದ ಅಂದಿನ ಮುಖ್ಯಸ್ಥ ಚಾರ್ಲ್ಸ್ ಬೋಲ್ಡನ್ ಸ್ವತಃ ಗಗನಯಾತ್ರಿಯಾಗಿ ಅಲ್ಲಿ ಬದುಕಿದವರು. ಆದ್ದರಿಂದ ಆಕ್ರೋಶ ಭುಗಿಲೆದ್ದಿದ್ದರಲ್ಲಿ ಆಶ್ಚರ್ಯವಿಲ್ಲ. ಹಂಚಿಕೆಯಲ್ಲಿ ರಾಜಕೀಯ ಕೈವಾಡವಿದೆ ಎಂಬ ಆರೋಪವೂ ಬಂತು. ನಾಸಾದ ಮಹಾನಿರೀಕ್ಷಕರು ತನಿಖೆ ನಡೆಸಿ 2011ರ ಆಗಸ್ಟ್‌ನಲ್ಲಿ ನೀಡಿದ ವರದಿ, ಅಂತಹ ಒತ್ತಡಕ್ಕೆ ಪುರಾವೆ ಇಲ್ಲ ಎಂದಿತು. ಅಂಕಗಳನ್ನು ಕೂಡಿಸುವಾಗ ಓಹಿಯೋದ ವಾಯುಪಡೆ ವಸ್ತುಸಂಗ್ರಹಾಲಯದ ವಿಷಯದಲ್ಲಿ ತಪ್ಪಾಗಿದ್ದನ್ನು ಮಾತ್ರ ಅದು ಎತ್ತಿ ತೋರಿಸಿತು.

ಹಂಚಿಕೆ ಎಂದರೆ ಪುಕ್ಕಟೆ ದಾನ ಎಂದು ತಿಳಿಯಬೇಕಾಗಿಲ್ಲ. ನೌಕೆಯನ್ನು ಸುರಕ್ಷಿತಗೊಳಿಸಿ ತಲುಪಿಸುವ ವೆಚ್ಚವೆಂದು ನಾಸಾ 2008ರಲ್ಲಿ ಕೇಳಿದ್ದು 4.2 ಕೋಟಿ ಡಾಲರ್. 2010ರ ಆರಂಭದಲ್ಲಿ ಅದನ್ನು 2.88 ಕೋಟಿಗೆ ಇಳಿಸಲಾಯಿತು. ಅದರ ಜೊತೆಗೆ ಹವಾನಿಯಂತ್ರಿತ ಕಟ್ಟಡದ ಭರವಸೆಯನ್ನೂ ನೀಡಬೇಕಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬಂತೆ, ನೌಕೆಗಿಂತ ಅದನ್ನಿಡುವ ಮನೆಯೇ ದುಬಾರಿ.

ಸಮಾಧಾನದ ಬಹುಮಾನ

ಅಸಲಿ ದೊರೆಯದವರಿಗೆ ಒಂದೊಂದು ಸಮಾಧಾನದ ಬಹುಮಾನ ಸಿಕ್ಕಿತು. ಹ್ಯೂಸ್ಟನ್ನಿಗೆ ಬಂದದ್ದು ‘ಎಕ್ಸ್‌ಪ್ಲೋರರ್’ ಎಂಬ ನೈಜ ಗಾತ್ರದ ಪ್ರತಿಕೃತಿ. ಫ್ಲಾರಿಡಾದ ಅಪೋಪ್ಕಾ ಊರಿನ ಗಾರ್ಡ್-ಲೀ ಎಂಬ ಸಂಸ್ಥೆ ನಾಸಾದ ನಕ್ಷೆಗಳನ್ನು ಆಧರಿಸಿ ಇದನ್ನು ನಿರ್ಮಿಸಿತ್ತು. 1993ರಿಂದ ಕೆನಡಿ ಕೇಂದ್ರದ ಪ್ರವಾಸಿ ಸಂಕೀರ್ಣದಲ್ಲಿ ನಿಂತು ಲಕ್ಷಾಂತರ ಜನರ ಛಾಯಾಚಿತ್ರಗಳಿಗೆ ಹಿನ್ನೆಲೆಯಾಗಿದ್ದ ಇದನ್ನು, ಅಟ್ಲಾಂಟಿಸ್‌ಗೆ ಜಾಗ ಬೇಕೆಂದು ತೆರವು ಮಾಡಲಾಯಿತು. ಒಡೆಯ ಬಂದಾಗ ಬಾಡಿಗೆದಾರ ಮನೆ ಖಾಲಿ ಮಾಡಿದಂತೆ.

2012ರ ಮೇ ತಿಂಗಳ ಕೊನೆಯಲ್ಲಿ ಬಾರ್ಜ್ ಏರಿ ಹೊರಟ ಪ್ರತಿಕೃತಿ ಜೂನ್ 1ರಂದು ಟೆಕ್ಸಾಸ್ ತೀರ ಮುಟ್ಟಿತು. ಹ್ಯೂಸ್ಟನ್ನಿನ ಜನ ಅದನ್ನು ಉತ್ಸವ ಮಾಡಿ ಬರಮಾಡಿಕೊಂಡರು. ಹೆಸರಿಡಲು ರಾಜ್ಯದಾದ್ಯಂತ ಸ್ಪರ್ಧೆ ನಡೆದು, 2013ರಲ್ಲಿ ‘ಇಂಡಿಪೆಂಡೆನ್ಸ್’ ಎಂಬ ನಾಮಕರಣವಾಯಿತು. 2014ರ ಏಪ್ರಿಲ್‌ನಲ್ಲಿ 747 ವಿಮಾನವನ್ನು ಭಾಗಗಳಾಗಿ ಕಳಚಿ ರಾತ್ರಿಯ ವೇಳೆ ರಸ್ತೆಯ ಮೂಲಕ ತರಲಾಯಿತು. ಆಗಸ್ಟ್ 14ರಂದು ಕ್ರೇನ್‌ಗಳು ಪ್ರತಿಕೃತಿಯನ್ನು ಎತ್ತಿ ಅದರ ಬೆನ್ನ ಮೇಲಿಟ್ಟವು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 2016ರ ಜನವರಿಯಲ್ಲಿ. ಬಾರ್ಜ್ ಬಂದ ದಿನದಿಂದ ಲೆಕ್ಕ ಹಾಕಿದರೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ. ಒಂದು ನಕಲಿ ನೌಕೆಯನ್ನು ನಿಲ್ಲಿಸಲು ಇಷ್ಟು ಸಮಯ!

ಸಿಯಾಟಲ್‌ನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿನ ವಿಮಾನ ವಸ್ತುಸಂಗ್ರಹಾಲಯ ಅಸಲಿ ಶಟಲ್ ಬಂದೇ ಬರುತ್ತದೆ ಎಂಬ ವಿಶ್ವಾಸದಿಂದ ಸುಮಾರು 1.2 ಕೋಟಿ ಡಾಲರ್ ಖರ್ಚಿನ ಕಟ್ಟಡಕ್ಕೆ ಕೈ ಹಾಕಿತ್ತು. ತೊಟ್ಟಿಲು ಸಿದ್ಧ, ಮಗುವಿಲ್ಲ. ಕೊನೆಗೆ ಅವರಿಗೆ ದೊರೆತದ್ದು ಗಗನಯಾತ್ರಿಗಳ ತರಬೇತಿಗೆ ಬಳಸುತ್ತಿದ್ದ, ಬಹುಪಾಲು ಪ್ಲೈವುಡ್‌ನಿಂದ ಮಾಡಿದ, ರೆಕ್ಕೆಗಳೇ ಇಲ್ಲದ ಮಾದರಿ. 2012ರಲ್ಲಿ ನಾಸಾದ ‘ಸೂಪರ್ ಗಪ್ಪಿ’ ಎಂಬ ವಿಚಿತ್ರ ಆಕಾರದ ಸರಕು ವಿಮಾನದಲ್ಲಿ ಅದು ಕಂತುಗಳಲ್ಲಿ ಬಂದಿಳಿಯಿತು. ಆರಂಭದಲ್ಲಿ ಮುಖ ಸಿಂಡರಿಸಿದವರೂ ಬಳಿಕ ಒಂದು ಅಂಶವನ್ನು ಒಪ್ಪಿಕೊಳ್ಳಬೇಕಾಯಿತು: ಅಸಲಿ ಶಟಲ್ ದೊರೆತ ಊರುಗಳಲ್ಲಿ ಜನ ನೌಕೆಯನ್ನು ಹೊರಗಿನಿಂದ ನೋಡಿ ಮರಳುತ್ತಾರೆ, ಇಲ್ಲಿ ಒಳಗೆ ಹೊಕ್ಕು ನೋಡಬಹುದು. ಶಟಲ್ ಏರಿದ ಗಗನಯಾತ್ರಿಗಳು ಏಣಿ ಹತ್ತಿದ್ದು, ಸ್ವಿಚ್ಚುಗಳನ್ನು ಗುರುತಿಸಲು ಕಲಿತದ್ದು, ತುರ್ತು ಸಂದರ್ಭದಲ್ಲಿ ಹೊರಬರುವುದನ್ನು ಅಭ್ಯಾಸ ಮಾಡಿದ್ದು ಇದೇ ಪ್ಲೈವುಡ್ ಪೆಟ್ಟಿಗೆಯಲ್ಲಿ. ಇದನ್ನು ಬರೀ ನಕಲಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಕೊಳ್ಳುವವರು ಯಾರು?

ನೈಜ ಗಾತ್ರದ ನೌಕೆಗಳ ಮಾರುಕಟ್ಟೆಯಲ್ಲಿ ಸರಕು ಎರಡು ಬಗೆಯದು. ಪರೀಕ್ಷೆ, ತರಬೇತಿಗಾಗಿ ನಿರ್ಮಿಸಿ ಕೆಲಸ ಮುಗಿದ ಮೇಲೆ ಉಳಿದವು ಒಂದು ಬಗೆ; ಪ್ರದರ್ಶನಕ್ಕೆಂದೇ ಮಾಡಿಸಿದವು ಇನ್ನೊಂದು ಬಗೆ. ಮೊದಲನೆಯದಕ್ಕೆ ಚರಿತ್ರೆಯ ಮೌಲ್ಯವಿದೆ, ಆದ್ದರಿಂದ ಬೆಲೆಯೂ ಹೆಚ್ಚು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್-1ರ ನೈಜ ಗಾತ್ರದ ಪರೀಕ್ಷಾ ಮಾದರಿಯೊಂದು 2017ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬಾನಮ್ಸ್ ಹರಾಜಿನಲ್ಲಿ 8,47,500 ಡಾಲರ್‌ಗೆ ಮಾರಾಟವಾಯಿತು. ಅಸಲಿ ಸ್ಪುಟ್ನಿಕ್ ಉರಿದು ಬೂದಿಯಾಗಿ ಆಗಲೇ ಅರವತ್ತು ವರ್ಷ ಸಮೀಪಿಸಿತ್ತು. 58 ಸೆಂಟಿಮೀಟರ್ ವ್ಯಾಸದ ಲೋಹದ ಗೋಳ ಮತ್ತು ನಾಲ್ಕು ಮೀಸೆಗಳು. ದಿವಾನಖಾನೆಯ ಮೂಲೆಯಲ್ಲಿ ಇಡಬಹುದಾದ ವಸ್ತು. ಕೊಂಡವರಿಗೆ ಜಾಗದ ಚಿಂತೆ ಇಲ್ಲ.

ಜಾಗದ ಚಿಂತೆ ಆರಂಭವಾಗುವುದು ನೌಕೆ ದೊಡ್ಡದಾದಾಗ. 1990ರ ದಶಕದಲ್ಲಿ ಸೋವಿಯತ್ ಒಕ್ಕೂಟ ಕುಸಿದು, ಅದರ ಬಾಹ್ಯಾಕಾಶ ಸರಂಜಾಮುಗಳು ಸಂತೆಗೆ ಬಂದವು. ‘ಮಿರ್’ ನಿಲ್ದಾಣದ ಹೆಚ್ಚುವರಿ ಘಟಕವೊಂದು ಅಮೆರಿಕದ ವಿಸ್ಕಾನ್ಸಿನ್‌ನ ಪ್ರವಾಸಿ ತಾಣದಲ್ಲಿ, ಜಲಕ್ರೀಡೆಗಳಿಗೆ ಹೆಸರಾಗಿದ್ದ ಉದ್ಯಮಿಯ ಪ್ರದರ್ಶನಾಲಯ ಸೇರಿತು. ಅಮೆರಿಕದ ಶಟಲ್‌ಗೆ ಉತ್ತರವಾಗಿ ಸೋವಿಯತ್ತರು ನಿರ್ಮಿಸಿದ ‘ಬುರಾನ್’ ಸರಣಿಯ ಮಾದರಿಗಳ ಪಾಡಂತೂ ಕಾದಂಬರಿಗೆ ವಸ್ತುವಾಗುವಂಥದು.

ಬುರಾನ್‌ನ ವಾಯುಪರೀಕ್ಷೆಗೆ ಬಳಸಿದ ಒಂದು ಮಾದರಿಯನ್ನು ಒಕೆ-ಜಿಎಲ್‌ಐ ಎಂದು ಕರೆಯುತ್ತಾರೆ. ನಾಲ್ಕು ಜೆಟ್ ಎಂಜಿನ್‌ಗಳನ್ನು ಹೊಂದಿದ್ದ ಇದು 1985ರಿಂದ 1988ರವರೆಗೆ 25 ಬಾರಿ ವಾಯುಮಂಡಲದಲ್ಲಿ ಹಾರಿತು. ಆಸ್ಟ್ರೇಲಿಯಾದ ಕಂಪೆನಿಯೊಂದು ಇದನ್ನು ಗುತ್ತಿಗೆಗೆ ಪಡೆದು, ಒಲಿಂಪಿಕ್ಸ್ ನಡೆದ 2000ನೇ ಇಸವಿಯಲ್ಲಿ ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ನಲ್ಲಿ ಟಿಕೆಟ್ ಇಟ್ಟು ಪ್ರದರ್ಶಿಸಿತು. ಜನ ಮುಗಿಬೀಳುತ್ತಾರೆ ಎಂಬ ಲೆಕ್ಕಾಚಾರ ಕೈಕೊಟ್ಟಿತು, ಕಂಪೆನಿ ದಿವಾಳಿಯಾಯಿತು. ನೌಕೆ ಅಲ್ಲಿಂದ ಬಹರೇನ್‌ಗೆ ಸಾಗಿತು. ಅಲ್ಲಿ ಉತ್ಸವವೊಂದರಲ್ಲಿ ಪ್ರದರ್ಶನಗೊಂಡ ಬಳಿಕ ಒಡೆತನದ ವ್ಯಾಜ್ಯದಲ್ಲಿ ಸಿಲುಕಿ, ಮರುಭೂಮಿಯ ಬಿಸಿಲಿನಲ್ಲಿ, ಗುಜರಿ ಸಾಮಾನಿನ ನಡುವೆ ವರ್ಷಗಟ್ಟಲೆ ಬಿದ್ದುಕೊಂಡಿತು. 2004ರಲ್ಲಿ ಜರ್ಮನ್ ಪತ್ರಕರ್ತರ ಕಣ್ಣಿಗೆ ಬೀಳದೇ ಹೋಗಿದ್ದರೆ ಅದರ ಗತಿ ಏನಾಗುತ್ತಿತ್ತೋ. ಜರ್ಮನಿಯ ಸ್ಪೈಯರ್ ನಗರದ ತಂತ್ರಜ್ಞಾನ ವಸ್ತುಸಂಗ್ರಹಾಲಯ ಅದನ್ನು ಖರೀದಿಸಿತು. 2008ರ ಏಪ್ರಿಲ್‌ನಲ್ಲಿ ರೈನ್ ನದಿಯಲ್ಲಿ ಬಾರ್ಜ್ ಮೇಲೆ ಸಾಗಿಬಂದ ನೌಕೆಯನ್ನು ನೋಡಲು ಎರಡೂ ದಡಗಳಲ್ಲಿ ಜನ ನೆರೆದಿದ್ದರು.

ಇತ್ತ ಕಕ್ಷೆಗೆ ಹೋಗಿ ಬಂದ ಏಕೈಕ ಬುರಾನ್‌ನ ಕಥೆ? 1988ರ ನವೆಂಬರ್ 15ರಂದು ಮಾನವರಹಿತವಾಗಿ ಭೂಮಿಯನ್ನು ಎರಡು ಸುತ್ತು ಹಾಕಿ ತಾನಾಗಿಯೇ ಬಂದಿಳಿದ ಆ ನೌಕೆ, 2002ರ ಮೇ 12ರಂದು ಬೈಕನೂರ್‌ನ ಹ್ಯಾಂಗರ್ ಛಾವಣಿ ಕುಸಿದು ನುಚ್ಚುನೂರಾಯಿತು. ಛಾವಣಿಯ ದುರಸ್ತಿಯಲ್ಲಿ ತೊಡಗಿದ್ದ ಕಾರ್ಮಿಕರೂ ಪ್ರಾಣ ಕಳೆದುಕೊಂಡರು. ಪರೀಕ್ಷಾ ಮಾದರಿ ಜರ್ಮನಿಯಲ್ಲಿ ಸೂರಿನಡಿ ಸುರಕ್ಷಿತ. ಅಸಲಿ ನೌಕೆ ತನ್ನದೇ ಸೂರಿನಡಿ ಸಿಲುಕಿ ನಾಶ.

ಸಾಕುವ ಲೆಕ್ಕ

ಇಂತಹ ಖರೀದಿಗಳಲ್ಲಿ ಮೊದಲ ದಿನದ ಬೆಲೆಯನ್ನು ಎಲ್ಲರೂ ಕೇಳುತ್ತಾರೆ. ಹತ್ತನೇ ವರ್ಷದ ಬಣ್ಣದ ಖರ್ಚನ್ನು ಕೇಳುವವರು ಕಡಿಮೆ. ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ನಗರವನ್ನೇ ನೋಡಿ. ಅಲ್ಲಿನ ಬಾಹ್ಯಾಕಾಶ ಮತ್ತು ರಾಕೆಟ್ ಕೇಂದ್ರ, ಚಂದ್ರನಲ್ಲಿಗೆ ಮಾನವನನ್ನು ಒಯ್ದ ಸ್ಯಾಟರ್ನ್-5 ರಾಕೆಟ್‌ನ ನೆಟ್ಟಗೆ ನಿಂತ ಪೂರ್ಣ ಗಾತ್ರದ ಪ್ರತಿಕೃತಿಯನ್ನು 1999ರಲ್ಲಿ ಕಟ್ಟಿಸಿತು. ಎತ್ತರ 363 ಅಡಿ. ಖರ್ಚು 86 ಲಕ್ಷ ಡಾಲರ್. ಅದೂ ಸಾಲದ ಹಣ. ಅಸಲಿ ಸ್ಯಾಟರ್ನ್-5 ಅದೇ ಆವರಣದಲ್ಲಿ ಹೊರಗೆ ಮಲಗಿ ಮಳೆಗಾಳಿಗೆ ತುಕ್ಕು ಹಿಡಿಯುತ್ತಿದ್ದಾಗ ಕೇಂದ್ರ ಪ್ರತಿಕೃತಿಯ ಸಾಲದ ಬಡ್ಡಿ ಕಟ್ಟುತ್ತಿತ್ತು. ಅಸಲಿಗೆ ಸೂರು ದೊರೆತದ್ದು 2008ರಲ್ಲಿ.

ಹಾಗೆಂದು ಪ್ರತಿಕೃತಿ ವ್ಯರ್ಥವಾಯಿತು ಎನ್ನುವಂತಿಲ್ಲ. ದೂರದ ಹೆದ್ದಾರಿಯಿಂದಲೇ ಕಾಣುವ ಅದು ನಗರದ ಗುರುತಾಗಿಬಿಟ್ಟಿತು. ವಿಪರ್ಯಾಸ ಕಾಣಿಸಿದ್ದು ಅದೇ ರಾಜ್ಯದ ಇನ್ನೊಂದು ಹೆದ್ದಾರಿಯ ಬದಿಯಲ್ಲಿ. ಟೆನೆಸಿ ಗಡಿಯ ಸಮೀಪದ ಆರ್ಡ್‌ಮೋರ್‌ನಲ್ಲಿ ಪ್ರಯಾಣಿಕರನ್ನು ಸ್ವಾಗತಿಸುತ್ತ 1979ರಿಂದ ನಿಂತಿದ್ದ ಸ್ಯಾಟರ್ನ್-1ಬಿ ರಾಕೆಟ್ ಪ್ರದರ್ಶನಕ್ಕೆಂದು ಮಾಡಿಸಿದ್ದಲ್ಲ. ಹಾರಲೆಂದೇ ತಯಾರಾಗಿ, ಹಾರುವ ಸರದಿ ಬಾರದೆ ಉಳಿದ ಹಂತ ಅದರಲ್ಲಿತ್ತು. ನಾಲ್ಕು ದಶಕಗಳ ಮಳೆ ಬಿಸಿಲಿಗೆ ಅದು ಶಿಥಿಲವಾಯಿತು. ದುರಸ್ತಿಗೆ 70 ಲಕ್ಷ ಡಾಲರ್ ಬೇಕೆಂಬ ಅಂದಾಜು ಬಂದಾಗ ನಾಸಾ ಕೈಚೆಲ್ಲಿತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಕತ್ತರಿಸಿ ಕೆಳಗಿಳಿಸಲಾಯಿತು. ಒಂದೇ ರಾಜ್ಯದಲ್ಲಿ, ಪ್ರತಿಕೃತಿ ನಿಂತಿತು, ಅಸಲಿ ಉರುಳಿತು.

ಪ್ರತಿಕೃತಿಗಳೂ ಚಿರಂಜೀವಿಗಳಲ್ಲ. ಜಪಾನಿನ ಕಿಟಕ್ಯೂಷು ನಗರದಲ್ಲಿ ಉಕ್ಕಿನ ಕಾರ್ಖಾನೆಯ ಹಳೆಯ ಜಾಗದಲ್ಲಿ 1990ರಲ್ಲಿ ಆರಂಭವಾದ ‘ಸ್ಪೇಸ್ ವರ್ಲ್ಡ್’ ಎಂಬ ಮನರಂಜನಾ ಉದ್ಯಾನಕ್ಕೆ, ಇಂಧನ ಟ್ಯಾಂಕ್ ಮತ್ತು ಬೂಸ್ಟರ್‌ಗಳೊಂದಿಗೆ ನೆಟ್ಟಗೆ ನಿಂತ ಪೂರ್ಣ ಗಾತ್ರದ ಶಟಲ್ ಪ್ರತಿಕೃತಿಯೇ ಕಿರೀಟವಾಗಿತ್ತು. ಅದರ ಹೆಸರೂ ‘ಡಿಸ್ಕವರಿ’! ಒಂದು ಪೀಳಿಗೆಯ ಮಕ್ಕಳು ಅದನ್ನು ನೋಡುತ್ತ ಬೆಳೆದರು. ಉದ್ಯಾನ 2017ರ ಕೊನೆಯ ದಿನ ಬಾಗಿಲು ಮುಚ್ಚಿತು. ಪ್ರತಿಕೃತಿಯನ್ನು ಉಳಿಸಿಕೊಳ್ಳಬೇಕೆಂಬ ಕೂಗು ಎದ್ದರೂ ಸಾಕುವ ಹೊಣೆ ಹೊರಲು ಯಾರೂ ಮುಂದೆ ಬರಲಿಲ್ಲ. 2018ರಲ್ಲಿ ಅದು ಗುಜರಿಗೆ ಹೋಯಿತು. ದೇವಸ್ಥಾನಕ್ಕೆ ಆನೆ ದಾನ ಕೊಡುವ ಭಕ್ತರು ಸಿಗುತ್ತಾರೆ. ಅದರ ಮೇವಿಗೆ ದತ್ತಿ ಇಡುವವರು ಸಿಗುವುದಿಲ್ಲ ಎಂದು ನಮ್ಮಲ್ಲಿ ಅರ್ಚಕರು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ.

ಅಸಲಿಗೆ ಕತ್ತರಿ?

ಈ ಹಿನ್ನೆಲೆಯಲ್ಲಿ ಡಿಸ್ಕವರಿಯ ವಿವಾದವನ್ನು ನೋಡಬೇಕು. 1984ರ ಆಗಸ್ಟ್ 30ರಂದು ಮೊದಲ ಬಾರಿಗೆ ಮೇಲೇರಿದ ಈ ನೌಕೆ ಒಟ್ಟು 39 ಯಾನಗಳನ್ನು ನಡೆಸಿದೆ. ಯಾವ ಶಟಲ್ ಕೂಡ ಇಷ್ಟು ಬಾರಿ ಹಾರಿಲ್ಲ. 1990ರಲ್ಲಿ ಹಬಲ್ ದೂರದರ್ಶಕವನ್ನು ಕಕ್ಷೆಗೆ ಸೇರಿಸಿದ್ದು ಇದೇ. ಚಾಲೆಂಜರ್ ದುರಂತದ ನಂತರ 1988ರಲ್ಲಿ, ಕೊಲಂಬಿಯಾ ದುರಂತದ ನಂತರ 2005ರಲ್ಲಿ, ಎರಡು ಬಾರಿಯೂ ಅಮೆರಿಕ ಮತ್ತೆ ಬಾಹ್ಯಾಕಾಶಕ್ಕೆ ಹೊರಟದ್ದು ಡಿಸ್ಕವರಿಯಲ್ಲಿ. ಬಾಹ್ಯಾಕಾಶದಲ್ಲಿ ಅದು ಕಳೆದ ದಿನಗಳನ್ನು ಕೂಡಿಸಿದರೆ ಸರಿಯಾಗಿ ಒಂದು ವರ್ಷವಾಗುತ್ತದೆ. ಶಟಲ್‌ಗಳ ಪೈಕಿ ಅತ್ಯಂತ ಪರಿಪೂರ್ಣ ಸ್ಥಿತಿಯಲ್ಲಿ ಉಳಿದಿರುವುದು ಇದೇ ಎಂದು ಸ್ಮಿತ್ಸೋನಿಯನ್ ಹೇಳುತ್ತದೆ. ಮುಂದಿನ ಪೀಳಿಗೆಯ ಎಂಜಿನಿಯರ್‌ಗಳು ಶಟಲ್ ಹೇಗಿತ್ತು ಎಂದು ತಿಳಿಯಬೇಕಾದರೆ ನೋಡಬೇಕಾದ ಮೂಲಪ್ರತಿ ಎಂಬಂತೆ ಅದನ್ನು ಹಾಗೆಯೇ ಇಡಲಾಗಿದೆ. 2012ರಲ್ಲಿ ಅದರ ಮೇಲಿನ ಎಲ್ಲ ಹಕ್ಕುಗಳೂ ತನಗೆ ವರ್ಗಾವಣೆಯಾಗಿವೆ ಎಂಬುದು ಸಂಸ್ಥೆಯ ನಿಲುವು.

2025ರ ಕಾಯ್ದೆಯ ಪಠ್ಯದಲ್ಲಿ ಡಿಸ್ಕವರಿಯ ಹೆಸರಿಲ್ಲ. ಬಾಹ್ಯಾಕಾಶಕ್ಕೆ ಹೋಗಿ ಬಂದ, ಗಗನಯಾತ್ರಿಗಳನ್ನು ಹೊತ್ತ ‘ಒಂದು ನೌಕೆ’ ಎಂದಷ್ಟೇ ಇದೆ. ಆಯ್ಕೆಯ ಅಧಿಕಾರ ನಾಸಾ ಮುಖ್ಯಸ್ಥರದು. ಸಾಗಣೆಗೆ ಕನಿಷ್ಠ 50 ಲಕ್ಷ ಡಾಲರ್, ಉಳಿದದ್ದು ಹ್ಯೂಸ್ಟನ್ನಿನಲ್ಲಿ ಕಟ್ಟಡಕ್ಕೆ. ಆ ವರ್ಷದ ಆಗಸ್ಟ್‌ನಲ್ಲಿ ಅಂದಿನ ಹಂಗಾಮಿ ಮುಖ್ಯಸ್ಥ ಶಾನ್ ಡಫಿ ನೌಕೆಯನ್ನು ಆರಿಸಿದ್ದಾಗಿ ಪ್ರಕಟಿಸಿದರು. ಯಾವುದೆಂಬುದನ್ನು ಮಾತ್ರ ಬಹಿರಂಗಪಡಿಸಲಿಲ್ಲ. ಮದುವೆ ನಿಶ್ಚಯವಾಗಿದೆ, ವಧುವಿನ ಹೆಸರು ಹೇಳಲಾಗದು ಎಂಬಂಥ ಪ್ರಕಟಣೆ.

ಸಾಗಿಸುವುದಾದರೂ ಹೇಗೆ? ಡಿಸ್ಕವರಿ ಇರುವುದು ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದ ಪಕ್ಕದಲ್ಲಿ (ಟೆಕ್ಸಾಸ್‌ನ ಡಲ್ಲಾಸ್ ಅಲ್ಲ, ಹೆಸರಿನ ಹೋಲಿಕೆ ಆಕಸ್ಮಿಕ). 2012ರ ಏಪ್ರಿಲ್ 17ರಂದು ಅದು ಅಲ್ಲಿಗೆ ಬಂದದ್ದು 747 ವಿಮಾನದ ಬೆನ್ನ ಮೇಲೆ. ಶಟಲ್ ಹೊರಲು ನಾಸಾ ಬಳಿ ಇದ್ದದ್ದು ಅಂತಹ ಎರಡೇ ವಿಮಾನಗಳು. ಒಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿದೆ. ಇನ್ನೊಂದು, ಅಂದು ಡಿಸ್ಕವರಿಯನ್ನು ಹೊತ್ತು ತಂದ ಅದೇ ವಿಮಾನ, ಹ್ಯೂಸ್ಟನ್ನಿನಲ್ಲಿ ನಕಲಿ ನೌಕೆಯ ಕೆಳಗಿದೆ! ಅದನ್ನು ಕಳಚಿ ಜೋಡಿಸಿ, ಜನ ಹತ್ತಿಳಿಯುವ ಪ್ರದರ್ಶನಾಲಯವನ್ನಾಗಿ ಮಾರ್ಪಡಿಸಿಯಾಗಿದೆ. ಅಸಲಿಯನ್ನು ತರಬಲ್ಲ ವಾಹನವನ್ನು ಪಡಿಯಚ್ಚಿನ ಪೀಠವಾಗಿ ಬಳಸಿಕೊಂಡ ನಗರ ಈಗ ಅಸಲಿಯನ್ನು ಕೇಳುತ್ತಿದೆ.

ಉಳಿದದ್ದು ರಸ್ತೆ ಮತ್ತು ಜಲಮಾರ್ಗ. 37 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 24 ಮೀಟರ್ ಅಗಲ, 70 ಟನ್‌ಗೂ ಹೆಚ್ಚು ತೂಕದ ವಸ್ತುವನ್ನು ನದಿಯ ದಡದವರೆಗೆ ಹತ್ತಾರು ಕಿಲೋಮೀಟರ್ ಒಯ್ಯಬೇಕು. 2012ರ ಅಕ್ಟೋಬರ್‌ನಲ್ಲಿ ಎಂಡೆವರ್ ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ಸಾಗಿದ್ದು ಸುಮಾರು 19 ಕಿಲೋಮೀಟರ್ ಮಾತ್ರ. ಅದಕ್ಕೇ ಸುಮಾರು 400 ಮರಗಳನ್ನು ಕಡಿಯಬೇಕಾಯಿತು. ಬದಲಿಗೆ ಸಾವಿರಕ್ಕೂ ಹೆಚ್ಚು ಸಸಿ ನೆಡುವ ವಾಗ್ದಾನದೊಂದಿಗೆ. ಡಿಸ್ಕವರಿಯನ್ನು ಇಡಿಯಾಗಿ ಒಯ್ಯಲಾಗದು, ಗಣನೀಯವಾಗಿ ಕಳಚಲೇಬೇಕು ಎಂದು ಸ್ಮಿತ್ಸೋನಿಯನ್ 2025ರಲ್ಲಿ ಸಂಸತ್ತಿನ ಸದಸ್ಯರಿಗೆ ತಿಳಿಸಿತು. ಸಾಗಣೆಯೊಂದಕ್ಕೇ 12ರಿಂದ 15 ಕೋಟಿ ಡಾಲರ್ ತಗುಲಬಹುದು ಎಂಬ ಅಂದಾಜನ್ನೂ ನೀಡಿತು. ಟೆಕ್ಸಾಸ್‌ನವರು ಈ ಲೆಕ್ಕ ಉತ್ಪ್ರೇಕ್ಷಿತ ಎನ್ನುತ್ತಾರೆ.

ಲೆಕ್ಕದ ಜಗಳ ಒಂದೆಡೆ ಇರಲಿ. ಶಟಲ್‌ನ ರಚನೆ ಬಿಚ್ಚಿ ಜೋಡಿಸುವ ಆಟಿಕೆಯಂತಲ್ಲ. ಅದರ ಮೈಮೇಲಿನ ಸುಮಾರು 24 ಸಾವಿರ ಉಷ್ಣರಕ್ಷಕ ಬಿಲ್ಲೆಗಳನ್ನು ಒಂದೊಂದಾಗಿ, ತಂತಮ್ಮ ಜಾಗಕ್ಕೆ ತಕ್ಕಂತೆ ರೂಪಿಸಿ ಅಂಟಿಸಲಾಗಿದೆ. ರೆಕ್ಕೆ ಬೇರ್ಪಡಿಸಬೇಕಾದರೆ ಬಿಲ್ಲೆಗಳನ್ನು ಕೀಳಬೇಕು, ರಚನೆಗೆ ಕೈ ಹಾಕಬೇಕು. 39 ಬಾರಿ ವಾಯುಮಂಡಲದ ಬೆಂಕಿಯಲ್ಲಿ ಮಿಂದೆದ್ದ ಕಲೆಗಳು ಆ ಬಿಲ್ಲೆಗಳ ಮೇಲಿವೆ. ಮರುಜೋಡಣೆಯಾದ ನೌಕೆ ದೂರದಿಂದ ಮೊದಲಿನಂತೆಯೇ ಕಂಡೀತು. ಆದರೆ ಹೊರನೋಟ ಮೊದಲಿನಂತೆ, ಒಳಗೆ ಹೊಸ ಜೋಡಣೆ ಎಂಬ ಸ್ಥಿತಿಗೇ ಅಲ್ಲವೆ ಪ್ರತಿಕೃತಿ ಎನ್ನುವುದು?

ನಮ್ಮ ದೇವಾಲಯಗಳಲ್ಲಿ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಊರ ಬೀದಿಗಳಲ್ಲಿ ಮೆರವಣಿಗೆ ಹೊರಡುವುದು, ಜನರ ಹತ್ತಿರಕ್ಕೆ ಬರುವುದು ಉತ್ಸವಮೂರ್ತಿ. ಉತ್ಸವಮೂರ್ತಿಯನ್ನು ಯಾರೂ ನಕಲಿ ಎನ್ನುವುದಿಲ್ಲ. ಮೂಲವಿಗ್ರಹವನ್ನು ರಥಕ್ಕೆ ಏರಿಸಿ ಎಂದೂ ಯಾರೂ ಹಟ ಹಿಡಿಯುವುದಿಲ್ಲ. ಹ್ಯೂಸ್ಟನ್ನಿನ ‘ಇಂಡಿಪೆಂಡೆನ್ಸ್’ ಈವರೆಗೆ ಮಾಡುತ್ತ ಬಂದಿರುವುದು ಉತ್ಸವಮೂರ್ತಿಯ ಕೆಲಸವನ್ನೇ. ಹಾಗೆಂದು ಹ್ಯೂಸ್ಟನ್ನಿನ ನೋವು ಸುಳ್ಳಲ್ಲ. 2011ರಲ್ಲಿ ಆ ನಗರಕ್ಕೆ ಒಂದು ನೌಕೆ ಸಲ್ಲಬೇಕಿತ್ತು ಎಂಬ ವಾದದಲ್ಲಿ ಹುರುಳಿದೆ. ಕಕ್ಷೆಗೇ ಹೋಗದ ಎಂಟರ್‌ಪ್ರೈಸ್ ನ್ಯೂಯಾರ್ಕಿಗೆ ಹೋಗಿ, ಅದೇ ವರ್ಷ ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕಿ ಪೆಟ್ಟು ತಿಂದದ್ದನ್ನು ನೆನೆದರೆ ಆ ವಾದ ಇನ್ನಷ್ಟು ಬಲವಾಗುತ್ತದೆ. ಆದರೆ ಅಂದಿನ ಅನ್ಯಾಯಕ್ಕೆ ಇಂದು ಡಿಸ್ಕವರಿಯ ರೆಕ್ಕೆಯನ್ನು ಪರಿಹಾರವಾಗಿ ಕೇಳುವುದು ಸಮರ್ಥನೀಯವಲ್ಲ.

ಬೆಂಗಳೂರಿಗೂ ಬರಲಿರುವ ಪ್ರಶ್ನೆ

ಇದೆಲ್ಲ ದೂರದ ಅಮೆರಿಕದ ಶ್ರೀಮಂತರ ಜಗಳ ಎಂದು ಸುಮ್ಮನಿರುವಂತಿಲ್ಲ. ಭಾರತದ ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ಅಸಲಿ ಎಂಬುದು ಪ್ರಾಯಃ ಮರಳಿ ಬರುವುದೇ ಇಲ್ಲ. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ 1992ರಲ್ಲಿ ವಾಯುಮಂಡಲದಲ್ಲಿ ಉರಿದುಹೋಯಿತು. ಲೋಹದ ವಾಹನ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಎತ್ತಿನ ಗಾಡಿಯ ಮೇಲೆ ಇರಿಸಲಾದ ‘ಆ್ಯಪಲ್’ ಉಪಗ್ರಹ 1981ರಲ್ಲಿ ಕಕ್ಷೆ ಸೇರಿತು. ನಮಗೆ ಉಳಿದದ್ದು ಆ ಗಾಡಿಯ ಚಿತ್ರ. ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆಯೇ ಇದೆ. 2023ರ ಆಗಸ್ಟ್ 23ರಂದು ಅದು ಇಳಿದ ಕೆಲವೇ ವಾರಗಳಲ್ಲಿ ಬಂದ ಗಣೇಶೋತ್ಸವದ ಪೆಂಡಾಲುಗಳಲ್ಲಿ ಬಿದಿರು, ಥರ್ಮೋಕೋಲ್, ಬಣ್ಣದ ಕಾಗದದ ರಾಕೆಟ್‌ಗಳೂ ಲ್ಯಾಂಡರ್‌ಗಳೂ ಎದ್ದು ನಿಂತವು. ನಮ್ಮ ಬಹುಪಾಲು ಜನ ಬಾಹ್ಯಾಕಾಶ ನೌಕೆಯನ್ನು ‘ಕಣ್ಣಾರೆ’ ಕಂಡದ್ದು ಹೀಗೆಯೇ.

1984ರಲ್ಲಿ ರಾಕೇಶ್ ಶರ್ಮಾ ಅವರನ್ನು ಭೂಮಿಗೆ ಮರಳಿಸಿದ ಸೋಯುಜ್ ಟಿ-10ರ ಕೋಶ ದೆಹಲಿಯ ನೆಹರೂ ತಾರಾಲಯದಲ್ಲಿದೆ. ಅದು ಸೋವಿಯತ್ತರು ನಿರ್ಮಿಸಿದ್ದು. ಭಾರತದ್ದೇ ಆದ, ಮರಳಿ ಬಂದ ವಸ್ತುಗಳ ಪಟ್ಟಿ ಆರಂಭವಾದದ್ದು 2007ರ ಜನವರಿ 22ರಂದು ಬಂಗಾಳ ಕೊಲ್ಲಿಗೆ ಇಳಿದ ಎಸ್‌ಆರ್‌ಇ-1 ಕೋಶದಿಂದ. 2014ರ ಡಿಸೆಂಬರ್‌ನಲ್ಲಿ ಎಲ್‌ವಿಎಂ-3 ರಾಕೆಟ್ ಒಯ್ದ ಸಿಬ್ಬಂದಿ ಕೋಶದ ರಚನೆಯನ್ನು ಎಚ್‌ಎಎಲ್ ತಯಾರಿಸಿಕೊಟ್ಟಿತ್ತು. ಅದನ್ನೂ ಸಮುದ್ರದಿಂದ ಎತ್ತಿ ತರಲಾಯಿತು. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ಕೋಶ ಕೂಡ ಹೀಗೆಯೇ ಮರಳಿತು. ಹಂಟ್ಸ್‌ವಿಲ್‌ನವರು, ಸಿಯಾಟಲ್‌ನವರು ಕೋಟಿ ಕೋಟಿ ಸುರಿದು ಜೋಪಾನ ಮಾಡುವಂತಹ ವಸ್ತುಗಳೇ ಇವು. ಉಪ್ಪುನೀರಿನ ಕಲೆಯೊಂದಿಗೆ, ಸುಟ್ಟ ಗುರುತಿನೊಂದಿಗೆ.

ಪ್ರದರ್ಶನಕ್ಕೆಂದು ಮಾಡಿಸುವ ಮಾದರಿಗಳೂ ನಮ್ಮಲ್ಲಿ ದೊಡ್ಡದಾಗುತ್ತಿವೆ. 2018ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಾಹ್ಯಾಕಾಶ ಪ್ರದರ್ಶನದಲ್ಲಿ ಗಗನಯಾತ್ರಿಗಳ ಕೋಶದ ಮಾದರಿಯನ್ನೂ ಕಿತ್ತಳೆ ಬಣ್ಣದ ದಿರಿಸನ್ನೂ ನೋಡಲು ಜನ ಸಾಲುಗಟ್ಟಿದ್ದರು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಬಾಹ್ಯಾಕಾಶ ದಿನಾಚರಣೆಯ ವೇಳೆ ದೆಹಲಿಯ ಭಾರತ ಮಂಟಪದಲ್ಲಿ ಇಸ್ರೋ, ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕದ ಮಾದರಿಯನ್ನು ಅನಾವರಣಗೊಳಿಸಿತು. 8 ಮೀಟರ್ ಉದ್ದ, 3.8 ಮೀಟರ್ ವ್ಯಾಸ. ಅಸಲಿ ನಿಲ್ದಾಣ ಕಕ್ಷೆ ಸೇರಲು ವರ್ಷಗಳು ಬೇಕು. ಸೇರಿದ ಮೇಲೆ ಅದು ಇಲ್ಲಿಗೆ ಮರಳುವುದಿಲ್ಲ. ಹಾಗಾಗಿ ಇಲ್ಲಿನ ಮಕ್ಕಳ ಪಾಲಿಗೆ ಮಾದರಿಯೇ ನಿಲ್ದಾಣ. ಜಿಲ್ಲೆಗೊಂದು ವಿಜ್ಞಾನ ಕೇಂದ್ರ, ಕೇಂದ್ರಕ್ಕೊಂದು ರಾಕೆಟ್ ಎಂಬ ಬೇಡಿಕೆ ಇಂದಲ್ಲ ನಾಳೆ ನಮ್ಮ ಬಜೆಟ್ ಚರ್ಚೆಗಳಲ್ಲಿಯೂ ಕೇಳಿಬಂದೀತು. ಆಗ ಟೆಂಡರ್ ಕಾಗದದಲ್ಲಿ ನಿರ್ಮಾಣದ ಮೊತ್ತದ ಪಕ್ಕದಲ್ಲಿ ವಾರ್ಷಿಕ ನಿರ್ವಹಣೆಯ ಅಂಕಣವೊಂದು ಇದೆಯೇ ಎಂದು ನೋಡಬೇಕು. ಸಮುದ್ರದಿಂದ ಎತ್ತಿ ತಂದ ಕೋಶಗಳಿಗೆ ಮೊದಲು ಸೂರು ಸಿಗುತ್ತದೆಯೇ, ಫೈಬರ್ ರಾಕೆಟ್‌ಗಳಿಗೆ ಮೊದಲು ಅನುದಾನ ಸಿಗುತ್ತದೆಯೇ ಎಂಬುದನ್ನೂ.

ಹ್ಯೂಸ್ಟನ್ನಿನಲ್ಲಿ ಅಂದಿನ ಕ್ರೇನ್‌ಗಳು ಪಡಿಯಚ್ಚನ್ನು ವಿಮಾನದ ಬೆನ್ನಿಗೇರಿಸಿ ದಶಕಕ್ಕೂ ಹೆಚ್ಚು ಕಾಲವಾಯಿತು. ಮಕ್ಕಳು ಮೆಟ್ಟಿಲೇರಿ ಅದರ ಒಳಹೊಕ್ಕು, ಚಾಲಕರ ಆಸನಗಳನ್ನೂ ಸರಕು ಕೊಠಡಿಯನ್ನೂ ನೋಡಿ ಇಳಿಯುತ್ತಾರೆ. ವರ್ಜೀನಿಯಾದ ಡಿಸ್ಕವರಿಯೊಳಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ.